ಬೀಳುವ ಮುಂಚೆ ಗೊತ್ತಾಗುತ್ತಾ?

ನಾನು ಮೊದಲ ಸಲ ಪ್ರಜ್ಞೆ ತಪ್ಪಿ ಬಿದ್ದು ಕಣ್ಣು ಬಿಟ್ಟಾಗ ನನ್ನ ಬಲಗೈಯಲ್ಲಿ ಒಂದು ಸ್ಪ್ಯಾನರ್ ಇತ್ತು. ಬಿದ್ದದ್ದು ಮೈದಾನದಲ್ಲಿ, ಗ್ಯಾರೇಜಿನಲ್ಲಲ್ಲ. ಯಾರಾದರೂ ದಿಢೀರನೆ ಬಿದ್ದರೆ ಕೈಗೆ ಕಬ್ಬಿಣ ಕೊಡಬೇಕು ಅನ್ನುವುದು ನಮ್ಮ ಜನಕ್ಕೆ ಯಾರೂ ಹೇಳಿಕೊಡದೆ ಬಂದ ಬುದ್ಧಿ. ಬೇರೆ ಕಡೆ ಬೀಗದ ಕೈ ಗೊಂಚಲು ಹುಡುಕುತ್ತಾರೆ. ಪೀಣ್ಯದ ಆಸುಪಾಸಿನಲ್ಲಿ ಹುಡುಕುವ ಕಷ್ಟವೇ ಇಲ್ಲ, ಬೆಳಗಿನ ವಾಕಿಂಗಿಗೆ ಬಂದವರ ಜೇಬಿನಲ್ಲೂ ನಟ್ಟೋ ಬೋಲ್ಟೋ ಇದ್ದೇ ಇರುತ್ತದೆ.

"ಫಿಟ್ಸು ಕಣ್ರೀ. ಪಾಪ, ಹೆಣ್ಣುಹುಡುಗಿ ಬೇರೆ," ಎಂದು ಒಬ್ಬರು ಲೊಚಗುಟ್ಟುತ್ತಿದ್ದರು. ಇನ್ನೊಬ್ಬರು ಕಾಲಿನ ಚಪ್ಪಲಿ ಬಿಚ್ಚಿ ನನ್ನ ಮೂಗಿನ ಹತ್ತಿರಕ್ಕೆ ತರುತ್ತಿದ್ದರು. ನಾನು ದಡಕ್ಕನೆ ಎದ್ದು ಕೂತು, "ಅಂಕಲ್, ಮೊದ್ಲು ಚಪ್ಲಿ ಕೆಳಗಿಡಿ," ಎಂದೆ. ಬಿದ್ದಿದ್ದಕ್ಕಿಂತ ಎದ್ದಿದ್ದಕ್ಕೇ ಜನ ಹೆಚ್ಚು ಹೆದರಿದ ಹಾಗೆ ಕಂಡಿತು.

ಆಗ ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಎಂಟುನೂರು ಮೀಟರ್ ಓಡುತ್ತಿದ್ದೆ. ಬಾಗಲಗುಂಟೆಯ ಬಾಡಿಗೆ ಮನೆಯಿಂದ ಬೆಳಗ್ಗೆ ಐದೂವರೆಗೆ ಹೊರಟು ಕಾರ್ಖಾನೆಗಳ ಹಿಂದಿನ ಮಣ್ಣಿನ ಮೈದಾನಕ್ಕೆ ಹೋಗುವುದು, ಸುತ್ತು ಹೊಡೆಯುವುದು, ಕೋಚ್ ಸರ್ ಕೈಲಿ ಬೈಸಿಕೊಳ್ಳುವುದು, ಕಾಲೇಜಿಗೆ ಓಡುವುದು. ಇಷ್ಟೇ ನನ್ನ ಜೀವನ. ಇಷ್ಟೇ ಸಾಕಾಗಿತ್ತು ಕೂಡ. ಓದಿನಲ್ಲಿ ನಾನು ಅಷ್ಟಕ್ಕಷ್ಟೆ. ನೋಡುವುದಕ್ಕೂ ಎಲುಬಿನ ಹಂದರ. ಓಡುವಾಗ ಮಾತ್ರ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಆ ವರ್ಷ ಜಿಲ್ಲಾ ಆಯ್ಕೆಯಲ್ಲಿ ಮೊದಲ ಇಬ್ಬರೊಳಗೆ ಬಂದರೆ ರಾಜ್ಯ ಮಟ್ಟಕ್ಕೆ ಹೋಗಬಹುದಿತ್ತು. ನನಗೆ ಬೇಕಾಗಿದ್ದು ಅದೊಂದೇ.

ಹಾಗಾಗಿ ಬಿದ್ದ ದಿನ ನನಗೆ ಭಯಕ್ಕಿಂತ ಸಿಟ್ಟು ಬಂದಿತ್ತು. ಓಡಿ ಮುಗಿಸಿ, ಕೋಚ್ ಸರ್ ಹೇಳಿದಂತೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನೆಟ್ಟಗೆ ನಿಂತಿದ್ದೆ. ನಿಂತಿದ್ದು ನೆನಪಿದೆ. ಆಮೇಲೆ ಕೈಯಲ್ಲಿ ಸ್ಪ್ಯಾನರ್. ನಡುವೆ ಏನೂ ಇಲ್ಲ. ಕರೆಂಟು ಹೋಗಿ ಬಂದ ಹಾಗೆ.

ತಿಂಡಿ ತಿನ್ನದೆ ಬಂದಿರಬೇಕು ಅಂದರು. ತಿಂದು ಹೋದೆ, ಮತ್ತೆ ಬಿದ್ದೆ. ತಿಂದು ಓಡಿದರೆ ಹಾಗಾಗುತ್ತೆ ಅಂದರು. ತಿನ್ನದೆ ಹೋದೆ, ಬೀಳಲಿಲ್ಲ. ಮಾರನೆಯ ವಾರವೂ ತಿನ್ನದೆ ಹೋದೆ, ಬಿದ್ದೆ. ಬಿಸಿಲಿನಲ್ಲಿ ಬಿದ್ದೆ, ಮೋಡವಿದ್ದಾಗ ಬಿದ್ದೆ. ಬಸ್ ಸ್ಟಾಪಿನಲ್ಲಿ ಸುಮ್ಮನೆ ನಿಂತಿದ್ದಾಗ ಬಿದ್ದೆ. ಒಮ್ಮೆ ತಿಂಗಳಿಡೀ ಒಂದೂ ಸಲ ಬೀಳಲಿಲ್ಲ. ಹೋಯ್ತಪ್ಪ ಪೀಡೆ ಎಂದುಕೊಂಡು ಕಾಲೇಜಿನ ಪ್ರಾರ್ಥನೆಗೆ ನಿಂತರೆ ನಾಡಗೀತೆಯ ನಡುವೆಯೇ ನೆಲ ಹಿಡಿದೆ. ಓಡುವಾಗ ಮಾತ್ರ ಯಾವತ್ತೂ ಬಿದ್ದಿರಲಿಲ್ಲ. ಅದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. "ಓಡೋದ್ ಬಿಡು, ಎಲ್ಲಾ ಸರಿಹೋಯ್ತದೆ" ಎನ್ನುವುದು ಎಲ್ಲರ ಬಾಯಲ್ಲೂ ರೆಡಿ ಇತ್ತು.

ನಮ್ಮ ಮನೆ ಓನರ್ ಅಜ್ಜಿ ಆ ಊರು ಊರಾಗಿದ್ದ ಕಾಲದಿಂದ ಇದ್ದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಮೂರಂತಸ್ತು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಅವರು ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೆಟ್ಟಿಲು ಹತ್ತಿ ಬಂದು ನನಗೆ ದೃಷ್ಟಿ ತೆಗೆದರು. "ಇಂಗ್ ಚಡ್ಡಿ ಆಕ್ಕೊಂಡು ಓಡುದ್ರೆ ಊರೋರ್ ಕಣ್ಣೆಲ್ಲಾ ನಿನ್ಮ್ಯಾಗೇ ಕಣವ್ವ," ಎಂದರು. ಮೆಣಸಿನಕಾಯಿ ಒಲೆಗೆ ಹಾಕಿದಾಗ ಘಾಟು ಬರಲಿಲ್ಲ, ದೃಷ್ಟಿಯೇ ತಗುಲಿದೆ ಎಂದು ಅವರಿಗೆ ಖಾತ್ರಿಯಾಯಿತು. ನಾನು ಮಾತ್ರ ಅರ್ಧ ಗಂಟೆ ಕೆಮ್ಮಿದೆ.

ಅದನ್ನೆಲ್ಲ ನಗಾಡಿಕೊಂಡು ಸಹಿಸಿದೆ. ಸಹಿಸಲಾಗದ್ದು ಬೇರೆ ಇತ್ತು.

ಅಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಸಂಜೆ ಬಂದವಳು ಹೆಗಲಿನ ಬ್ಯಾಗು ಕೂಡ ಇಳಿಸದೆ ನನ್ನನ್ನು ಬಚ್ಚಲಿಗೆ ಕರೆದು ಬಾಗಿಲು ಹಾಕಿದಳು. ಕೈಯಲ್ಲಿ ಮೆಡಿಕಲ್ ಶಾಪಿನ ಕಂದು ಕವರು.

"ಬೇಜಾರ್ ಮಾಡ್ಕೋಬೇಡ ಪುಟ್ಟಿ. ಒಂದ್ಸಲ ನೋಡ್ಬಿಡೋಣ."

"ಏನಿದು?"

"ಫ್ಯಾಕ್ಟ್ರಿಲಿ ನಮ್ ಲೈನಲ್ಲಿ ಎಲ್ಲಾ ಕೇಳ್ತಾವ್ರೆ. ಮದ್ವೆ ಆಗ್ದಿರೋ ಹುಡ್ಗಿ ಸುಮ್ಸುಮ್ನೆ ಯಾಕೆ ಬೀಳ್ತಾಳೆ ಅಂತ."

ಕವರಿನಲ್ಲಿದ್ದದ್ದು ಬಸಿರು ನೋಡುವ ಕಿಟ್ಟು. ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮನಿಗೆ ಏನೇನು ಅಂದೆನೋ ಈಗ ಬರೆಯಲು ನಾಚಿಕೆ. ಆದರೂ ಟೆಸ್ಟ್ ಮಾಡಿದೆ. ಅವಳು ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು, ನಾನು ಗೋಡೆಗೊರಗಿ ನಿಂತಿದ್ದೆ. ಇಬ್ಬರೂ ಆ ಬಿಳಿ ಕಡ್ಡಿಯನ್ನೇ ನೋಡುತ್ತಿದ್ದೆವು. ಯಾವ ಹುಡುಗನ ಬೆರಳನ್ನೂ ಮುಟ್ಟದವಳು ನಾನು. ಆದರೂ ಎರಡನೇ ಗೆರೆ ಬಂದುಬಿಟ್ಟರೆ ಏನು ಗತಿ ಎಂದು ನನ್ನೆದೆ ಹೊಡೆದುಕೊಳ್ಳುತ್ತಿತ್ತು! ನನ್ನ ಮೈ ನನಗೆ ಒಂದು ಮಾತೂ ಹೇಳದೆ ಏನೇನೋ ಮಾಡುತ್ತಿರುವಾಗ ಇದನ್ನೂ ಮಾಡಿಕೊಂಡಿರಬಹುದಲ್ಲ ಅನ್ನಿಸಿತ್ತು. ಅಷ್ಟು ತಲೆ ಕೆಟ್ಟುಹೋಗಿತ್ತು. ಒಂದೇ ಗೆರೆ ಬಂತು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನು ಮೂರು ದಿನ ಅವಳ ಹತ್ತಿರ ಮಾತು ಬಿಟ್ಟೆ.

ಡಾಕ್ಟರುಗಳ ಕಥೆ ಇನ್ನೊಂದು. ರಕ್ತ ನೋಡಿದರು, ಎದೆಗೆ ವೈರು ಅಂಟಿಸಿದರು, ತಲೆಗೆ ವೈರು ಅಂಟಿಸಿದರು. ಎಲ್ಲಾ ನಾರ್ಮಲ್. ಒಬ್ಬರು ಟೆನ್ಷನ್ ಮಾಡ್ಕೋಬೇಡ ಅಂದರು, ಒಬ್ಬರು ನೀರು ಜಾಸ್ತಿ ಕುಡಿ ಅಂದರು, ಒಬ್ಬರು ಅಮ್ಮನನ್ನು ಹೊರಗೆ ಕಳಿಸಿ "ಲವ್ ಗಿವ್ ಏನಾದ್ರೂ ಇದ್ಯಾ?" ಅಂದರು. ಈ ನಾರ್ಮಲ್ ಎಂಬ ಪದ ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತಿತ್ತು. ನಾರ್ಮಲ್ ಆಗಿರುವವರು ಹೀಗೆ ಸೌದೆ ಕಟ್ಟಿನ ಹಾಗೆ ಬೀಳುತ್ತಾರಾ?

ಅಪ್ಪ ಒಬ್ಬನೇ ಏನೂ ಅನ್ನಲಿಲ್ಲ. ಅವನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಕೆಟ್ಟರೆ ರಿಪೇರಿ ಮಾಡುವ ಫಿಟ್ಟರ್. ಅಲ್ಲಿ ಪ್ರತಿ ಮೆಷಿನ್ನಿಗೂ ಒಂದು ಪುಸ್ತಕ ಇರುತ್ತದಂತೆ. ಯಾವಾಗ ನಿಂತಿತು, ಆಗ ಏನು ಕೆಲಸ ನಡೆಯುತ್ತಿತ್ತು, ಎಷ್ಟು ಹೊತ್ತಿಗೆ ಮತ್ತೆ ಶುರುವಾಯಿತು, ಕಾರಣವೇನು, ಎಲ್ಲವನ್ನೂ ಬರೆಯಬೇಕು. ನಾನು ನಾಲ್ಕನೆಯ ಸಲವೋ ಐದನೆಯ ಸಲವೋ ಬಿದ್ದ ಮೇಲೆ ಅಪ್ಪ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಸ್ಕೇಲಿಟ್ಟು ಗೆರೆ ಎಳೆದು, ನನ್ನ ಹೆಸರಿಗೂ ಅಂಥದ್ದೇ ಒಂದು ಪುಸ್ತಕ ತೆರೆದ.

"ನಾನೇನ್ ಮೆಷಿನ್ನಾ ಅಪ್ಪ?"

"ಮೆಷಿನ್ ಆಗಿದ್ರೆ ಇಷ್ಟೊತ್ತಿಗೆ ಬಿಚ್ಚಿ ನೋಡ್ತಿರ್ಲಿಲ್ವಾ," ಎಂದು ಪೆನ್ನಿನ ಕ್ಯಾಪು ತೆಗೆದ.

ಬಿದ್ದ ದಿನ, ಹೊತ್ತು, ಎಲ್ಲಿ, ಏನು ತಿಂದಿದ್ದೆ, ಎಷ್ಟು ನಿದ್ದೆ, ತಿಂಗಳ ರಜೆ ಇತ್ತೇ (ಇದನ್ನು ಅಮ್ಮನ ಕೈಲಿ ಕೇಳಿಸಿ ಬರೆದುಕೊಳ್ಳುತ್ತಿದ್ದ), ಎಷ್ಟು ಹೊತ್ತಿಗೆ ಎದ್ದೆ. ಕೊನೆಯ ಕಾಲಮ್ಮು ಕಾರಣದ್ದು. ಅದರಲ್ಲಿ ಪ್ರತಿ ಸಾಲಿಗೂ "ಪತ್ತೆಯಾಗಿಲ್ಲ" ಎಂದು ದುಂಡಗೆ ಬರೆಯುತ್ತಿದ್ದ. ಅದಕ್ಕೂ ಹಿಂದಿನ ಕಾಲಮ್ಮಿನ ತಲೆಗೆ "ಮುಂಚೆ ಗೊತ್ತಾಯಿತೇ?" ಎಂದಿತ್ತು. ಬೀಳುವುದಕ್ಕೆ ಮೊದಲು ಬೆವರುವುದು, ಕಿವಿ ಗುಂಯ್ ಅನ್ನುವುದು, ಕಣ್ಣಿಗೆ ಕತ್ತಲೆ ಬರುವುದು ಏನಾದರೂ ಆಯಿತೇ ಎಂದು.

ಆ ಕಾಲಮ್ಮಿನಲ್ಲಿ ನಾನು ಸುಳ್ಳು ಬರೆಸಿದೆ.

ಯಾಕೆಂದರೆ ಅಷ್ಟರಲ್ಲಿ ಕೋಚ್ ಸರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನೋಡಮ್ಮ, ಬೀಳೋ ಮುಂಚೆ ನಿಂಗೆ ಗೊತ್ತಾದ್ರೆ ಪರ್ವಾಗಿಲ್ಲ, ಪಕ್ಕಕ್ ಬಂದ್ ಮಲ್ಕೋತೀಯ. ಗೊತ್ತಾಗಲ್ಲ ಅಂದ್ರೆ ನಾನು ಟ್ರ್ಯಾಕಿಗಿಳಿಸಲ್ಲ. ನಾಳೆ ತಲೆ ಒಡ್ಕೊಂಡ್ರೆ ನಿಮ್ಮಪ್ಪಂಗೆ ಏನ್ ಹೇಳ್ಲಿ?"

"ಗೊತ್ತಾಗುತ್ತೆ ಸರ್, ಪ್ರತಿ ಸಲ ಗೊತ್ತಾಗುತ್ತೆ," ಎಂದೆ ನಾನು, ಉಸಿರೂ ತೆಗೆದುಕೊಳ್ಳದೆ. ಅವರಿಗೆ ಹೇಳಿದ ಮೇಲೆ ಅಪ್ಪನಿಗೂ ಅದನ್ನೇ ಹೇಳಬೇಕಾಯಿತು.

ಪೂರ್ತಿ ಸುಳ್ಳೇ ಎಂದು ಕೇಳಿದರೆ ಇವತ್ತಿಗೂ ನನಗೆ ಗೊಂದಲ. ಕೆಲವು ಸಲ ಕಿವಿ ಗುಂಯ್ ಅಂದದ್ದು ನಿಜ. ಕೆಲವು ಸಲ ಎದ್ದ ಮೇಲೆ, ಹೌದು, ಬೀಳುವ ಮುಂಚೆ ಅಂಗೈ ಬೆವರಿತ್ತಲ್ಲ ಅನ್ನಿಸುತ್ತಿತ್ತು. ಅದು ನಿಜವಾಗಿ ಬೆವರಿತ್ತೋ, ಬೆವರಿರಲಿ ಎಂಬ ಆಸೆಗೆ ನಾನೇ ಸೇರಿಸಿಕೊಂಡೆನೋ? ಮಿಕ್ಕ ಸಲಗಳಲ್ಲಿ ಏನೂ ಇರಲಿಲ್ಲ. ಇಲ್ಲದ್ದನ್ನು ನೆನಪಿಸಿಕೊಳ್ಳುವುದು ಹೇಗೆ? ನಾನು ಎಲ್ಲ ಸಾಲಿಗೂ "ಹೌದು" ಅಂದೆ, ಅಪ್ಪ ಎಲ್ಲ ಸಾಲಿಗೂ "ಹೌದು" ಬರೆದ.

ಜಿಲ್ಲಾ ಆಯ್ಕೆ ಹತ್ತಿರ ಬಂದಾಗ ಕೋಚ್ ಸರ್ ಡಾಕ್ಟರ ಪತ್ರ ಬೇಕೇ ಬೇಕು ಎಂದು ಪಟ್ಟು ಹಿಡಿದರು. ಅಪ್ಪ ರಜೆ ಹಾಕಿ ನನ್ನನ್ನು ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲೊಂದು ವಿಚಿತ್ರ ಪರೀಕ್ಷೆ. ಮೇಜಿನ ಮೇಲೆ ಮಲಗಿಸಿ, ಬೆಲ್ಟು ಬಿಗಿದು, ಮೇಜನ್ನೇ ಎತ್ತಿ ನಿಲ್ಲಿಸುತ್ತಾರೆ. ಅಲ್ಲಾಡದೆ ನಿಂತಿರಬೇಕು. ಅವರು ಪರದೆ ನೋಡುತ್ತಾ ನಾವು ಬೀಳುವುದನ್ನೇ ಕಾಯುತ್ತಾರೆ.

ನನಗಂತೂ ಖುಷಿಯೋ ಖುಷಿ. ನಿಂತರೆ ಬೀಳುವುದು ನನ್ನ ಕಸುಬು ತಾನೇ! ಇವತ್ತು ಬಿದ್ದರೆ ಇವರ ಪರದೆಯ ಮೇಲೆ ಕಾರಣ ಕಾಣುತ್ತದೆ, ಕಾರಣ ಸಿಕ್ಕರೆ ಮಾತ್ರೆ ಸಿಗುತ್ತದೆ, ಮಾತ್ರೆ ನುಂಗಿ ಓಡುತ್ತೇನೆ. ಐದು ನಿಮಿಷ ಆಯಿತು, ಹತ್ತಾಯಿತು, ಇಪ್ಪತ್ತಾಯಿತು. ಬೀಳೇ, ಬೀಳೇ ಮಾರಾಯ್ತಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅರ್ಧ ಗಂಟೆ ಕಳೆಯಿತು. ಮೈ ಕಂಬದ ಹಾಗೆ ಗಟ್ಟಿಯಾಗಿತ್ತು.

"ಆರಾಮಾಗಿದೀಯಾಮ್ಮ?" ಎಂದರು ಸಿಸ್ಟರ್.

"ಹೂಂ ಸಿಸ್ಟರ್. ಆರಾಮಾಗೇ ಇದೀನಿ," ಎಂದು ಅಳತೊಡಗಿದೆ. ಅವರಿಗೆ ಏನೂ ಅರ್ಥವಾಗದೆ ಕಣ್ಣೊರೆಸಲು ಹತ್ತಿ ಕೊಟ್ಟರು.

ಅದೂ ನಾರ್ಮಲ್.

ಕೆಳಗೆ ಬಂದು ಕ್ಯಾಂಟೀನಿನ ಸಾಲಿನಲ್ಲಿ ನಿಂತೆವು. "ಅಪ್ಪ, ನಂಗೆ ಮಸಾಲೆ ಬೇಡ, ಬರೀ ಇಡ್ಲಿ..." ಎಂದಷ್ಟು ಹೇಳಿದ್ದು ನೆನಪು. ಕಣ್ಣು ಬಿಟ್ಟಾಗ ಅಪ್ಪ ನೆಲದ ಮೇಲೆ ಕೂತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವನೆದುರು ನಾನು ಬಿದ್ದದ್ದು ಅದೇ ಮೊದಲು. ಅದುವರೆಗೆ ಎಲ್ಲವನ್ನೂ ಅವನು ಕೇಳಿಯಷ್ಟೇ ಬರೆದುಕೊಂಡಿದ್ದ. ಅವನ ತುಟಿ ಬಣ್ಣಗೆಟ್ಟಿತ್ತು.

"ಮುಂಚೆ ಗೊತ್ತಾಯ್ತಾ?" ಎಂದ.

"ಹೂಂ. ಹೇಳೋಣ ಅಂತಿದ್ದೆ, ಅಷ್ಟರಲ್ಲಿ..."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಚೀಲದಿಂದ ಪುಸ್ತಕ ತೆಗೆದು, ಅಲ್ಲೇ ನೆಲದ ಮೇಲೆ ಕೂತು, "ಹೌದು" ಎಂದು ಬರೆದ.

ಮತ್ತೆ ಮೇಲೆ ಹೋದೆವು. ಡಾಕ್ಟರು ಆ ಪುಸ್ತಕವನ್ನು ಪುಟಪುಟ ತಿರುವಿ ನೋಡಿ ಮೆಚ್ಚಿಕೊಂಡರು. "ಇಂಥದ್ದೇ ಅಂತ ಈಗ್ಲೇ ಹೇಳಕ್ಕಾಗಲ್ಲ. ಎಷ್ಟೋ ಸಲ ನಮ್ ಕೈಗೆ ಸಿಕ್ಕಲ್ಲ ಇದು. ಹಾರ್ಟ್ ಚೆನ್ನಾಗಿದೆ. ಪ್ರತಿ ಸಲಾನೂ ಮುಂಚೆ ಗೊತ್ತಾಗ್ತಿದೆ ಅಂತ ಬರ್ದಿದೀರಲ್ಲ, ಹಾಗಿದ್ರೆ ಓಡ್ಲಿ. ಗೊತ್ತಾದ ತಕ್ಷಣ ಮಲಗ್ಬಿಡ್ಬೇಕು, ಅಷ್ಟೆ," ಎಂದು ಪತ್ರ ಬರೆದುಕೊಟ್ಟರು. ನಾನು ಅಪ್ಪನ ಕಡೆ ನೋಡಲಿಲ್ಲ.

ಇನ್ನೊಂದು ಕಾಗದ ಉಳಿದಿತ್ತು. ಏನಾದರೂ ಆದರೆ ನಾವೇ ಹೊಣೆ ಎಂದು ಮನೆಯವರು ಸಹಿ ಹಾಕಿಕೊಡುವ ಕಾಗದ. ಅಮ್ಮ ಅದನ್ನು ಮುಟ್ಟಲೂ ಇಲ್ಲ. "ನನ್ ಕೈಲಿ ಆಗಲ್ಲಪ್ಪ," ಎಂದು ಒಳಗೆ ಹೋಗಿ ಪಾತ್ರೆ ಬಡಿಯತೊಡಗಿದಳು. ಅಪ್ಪ ಕಾಗದವನ್ನು ಎರಡು ಸಲ ಓದಿದ.

"ನಿಜವಾಗ್ಲೂ ಗೊತ್ತಾಗುತ್ತಲ್ವಾ ಪುಟ್ಟಿ?"

ಆಗ ಹೇಳಿಬಿಡಬಹುದಿತ್ತು. ಅವನು ಬೈಯುವವನಲ್ಲ. ಹೇಳಿದ್ದರೆ ಕಾಗದವನ್ನು ಮಡಚಿಟ್ಟು, ಹೋಗ್ಲಿ ಬಿಡು ಅನ್ನುತ್ತಿದ್ದ, ಆ "ಹೋಗ್ಲಿ ಬಿಡು"ವನ್ನು ನಾನು ಜೀವನಪೂರ್ತಿ ಕೇಳಿಸಿಕೊಳ್ಳಬೇಕಿತ್ತು. ನನಗೆ ಹದಿನೇಳು ವರ್ಷ. ಸಾಯುವುದು ಎಂದರೆ ಏನೆಂದು ಗೊತ್ತಿರಲಿಲ್ಲ, ಓಡದೆ ಇರುವುದು ಎಂದರೆ ಏನೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

"ಗೊತ್ತಾಗುತ್ತೆ ಅಪ್ಪ. ಎಷ್ಟ್ ಸಲ ಹೇಳ್ಬೇಕು ನಿಂಗೆ?" ಎಂದು ಮೇಲಿಂದ ರೇಗಿದೆ.

ಅಪ್ಪ ಸಹಿ ಹಾಕಿದ. ಆಯ್ಕೆ ಎಲ್ಲಿ, ನಿನ್ನ ಓಟ ಎಷ್ಟು ಗಂಟೆಗೆ ಎಂದು ಕೇಳಿದ. ಹೇಳಿದೆ. "ನಂಗೆ ಅವತ್ತು ಫಸ್ಟ್ ಶಿಫ್ಟು, ಬರಕ್ಕಾಗಲ್ಲ," ಎಂದ. ನನಗೆ ಒಳಗೊಳಗೇ ಹಾಯೆನಿಸಿತು.

ಆಯ್ಕೆ ನಡೆದದ್ದು ಒಂದು ಕಾಲೇಜಿನ ಮೈದಾನದಲ್ಲಿ. ಮಣ್ಣಿನ ಮೇಲೆ ಸುಣ್ಣದ ಗೆರೆ ಹಾಕಿದ್ದರು. ಎಂಟು ಹುಡುಗಿಯರು, ಎರಡು ಸುತ್ತು. ಮೊದಲ ಸುತ್ತಿನಲ್ಲಿ ನಾನು ಐದನೆಯವಳಾಗಿ ತಣ್ಣಗೆ ಓಡುತ್ತಿದ್ದೆ. ಕಾಲು ಹಗುರವಾಗಿತ್ತು, ಉಸಿರು ಕೈಯಲ್ಲಿತ್ತು. ಎರಡನೇ ಸುತ್ತಿನ ಗಂಟೆ ಬಾರಿಸಿದರು. ತಿರುವಿನಲ್ಲಿ ಇಬ್ಬರನ್ನು ದಾಟಿದೆ. ಆಗ ಎಡಗಡೆಯಿಂದ, ಟ್ರ್ಯಾಕಿನ ಒಳಗಿನ ಹುಲ್ಲಿನ ಮೇಲಿಂದ, ಧಪ್ ಧಪ್ ಎಂದು ಸದ್ದು ಕೇಳಿಸಿತು.

ತಿರುಗಿ ನೋಡಿದರೆ ಅಪ್ಪ! ನೀಲಿ ಕಂಪನಿ ಯೂನಿಫಾರ್ಮು, ಕಾಲಲ್ಲಿ ಕಬ್ಬಿಣದ ಮೂತಿಯ ಸೇಫ್ಟಿ ಶೂ. ಬಾಯಿ ತೆರೆದುಕೊಂಡು, ಎರಡೂ ಕೈ ಸ್ವಲ್ಪ ಮುಂದೆ ಚಾಚಿಕೊಂಡು, ನನ್ನ ಪಕ್ಕದಲ್ಲೇ ಓಡುತ್ತಿದ್ದಾನೆ. ಅವನ ಕಣ್ಣು ದಾರಿಯ ಮೇಲಿರಲಿಲ್ಲ, ನನ್ನ ಮೇಲಿತ್ತು. ಅತ್ತ ಕಡೆಯಿಂದ ಅಧಿಕಾರಿಯೊಬ್ಬರು ವಿಷಲ್ ಊದುತ್ತಾ, "ಯಾರ್ರೀ ಅದು? ರೀ ಬ್ಲೂ ಶರ್ಟು, ಹೊರಗ್ ಬನ್ರೀ!" ಎಂದು ಕೂಗುತ್ತಿದ್ದರು. ಅಪ್ಪನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ನಿಲ್ಲಲಿಲ್ಲ. ನಾನು ಸಿಟ್ಟು, ನಾಚಿಕೆ ಎಲ್ಲವನ್ನೂ ಕಾಲಿಗೆ ತುಂಬಿಕೊಂಡು ಓಡಿದೆ. ಕೊನೆಯ ನೂರು ಮೀಟರಿನಲ್ಲಿ ಅವನ ಬೂಟಿನ ಸದ್ದು ಹಿಂದೆ ಬಿತ್ತು. ಇನ್ನೊಬ್ಬಳನ್ನು ದಾಟಿದೆ. ಎರಡನೆಯವಳಾಗಿ ಗೆರೆ ಮುಟ್ಟಿದೆ.

ಬೀಳಲಿಲ್ಲ. ನಿಂತೇ ಇದ್ದೆ. ಎರಡನೆಯವಳು!

ಹತ್ತು ನಿಮಿಷದಲ್ಲಿ ಕೋಚ್ ಸರ್ ತಲೆ ತಗ್ಗಿಸಿಕೊಂಡು ಬಂದರು. ಹೊರಗಿನವರು ಜೊತೆಯಲ್ಲಿ ಓಡಿದರೆ ಓಡುವವಳಿಗೆ ಸಹಾಯ ಮಾಡಿದ ಹಾಗಂತೆ. ಕೂಗಿ ಹೇಳಿದರೂ ಆ ಮನುಷ್ಯ ಕೇಳಲಿಲ್ಲವಂತೆ. ನನ್ನ ಹೆಸರು ಪಟ್ಟಿಯಿಂದ ತೆಗೆದರಂತೆ. "ಎಷ್ಟ್ ಬೇಡ್ಕೊಂಡ್ರೂ ಒಪ್ಲಿಲ್ಲ ಕಣಮ್ಮ," ಎಂದರು.

ಅಪ್ಪ ಗೋಲ್ ಪೋಸ್ಟಿನ ಹತ್ತಿರ ಮಂಡಿಗೆ ಕೈಯೂರಿ ಬಗ್ಗಿ ನಿಂತು ಏದುಸಿರು ಬಿಡುತ್ತಿದ್ದ. ನಾನು ನೇರ ಅವನ ಹತ್ತಿರ ಹೋದೆ. ಅಷ್ಟು ಜನರೆದುರು ಅರಚಿದೆ.

"ಎಲ್ಲಾ ಹಾಳ್ಮಾಡ್ಬಿಟ್ಟೆ ನೀನು! ಸೆಕೆಂಡ್ ಬಂದಿದ್ದೆ ಅಪ್ಪ, ಸೆಕೆಂಡ್! ಯಾರ್ ಬರಕ್ ಹೇಳಿದ್ರು ನಿಂಗೆ? ಗೊತ್ತಾಗುತ್ತೆ ಅಂತ ಹೇಳಿರ್ಲಿಲ್ವಾ ನಾನು?"

ಅವನು ತಲೆಯೆತ್ತದೆಯೇ, ಏದುಸಿರಿನ ನಡುವೆ ಹೇಳಿದ.

"ಗೊತ್ತಾಗಲ್ಲ ನಿಂಗೆ. ಅವತ್ತು ಇಡ್ಲಿ ಅಂತ ಬಾಯ್ ತೆಗ್ದಿದ್ದೆ, ಹಂಗೇ ಬಿದ್ದೆ. ನೋಡ್ಲಿಲ್ವಾ ನಾನು?"

"ಸುಳ್ಳು ಅಂತ ಗೊತ್ತಿದ್ರೆ ಮತ್ತ್ಯಾಕೆ ಸೈನ್ ಹಾಕ್ದೆ?"

"ಬೇಡ ಅಂದಿದ್ರೆ ಬಿಡ್ತಿದ್ಯಾ ನೀನು? ನಂಗ್ ಹೇಳ್ದೆ ಎಲ್ಲಾದ್ರೂ ಹೋಗಿ ಓಡ್ತಿದ್ದೆ. ಸೈನ್ ಹಾಕಿದ್ರೆ, ಎಲ್ಲಿ ಓಡ್ತೀಯ, ಎಷ್ಟ್ ಗಂಟೆಗೆ ಓಡ್ತೀಯ ಅಂತನಾದ್ರೂ ನಂಗೆ ಗೊತ್ತಿರುತ್ತಲ್ಲ."

ನಾನು ಅವನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತೆ.